ಬಾಂಗ್ಸಾರ್‌ನಲ್ಲಿ ಶನಿವಾರ ರಾತ್ರಿಯ ಊಟ: ಏನು ಕೇಳಬೇಕು, ಹೇಗೆ ಹೇಳಬೇಕು

ಪ್ರಶ್ನೆ: ಮೈಸೂರಿನಿಂದ ನಾವು ಐದು ಜನ ಕ್ವಾಲಾಲಂಪುರಕ್ಕೆ ಹೊರಟಿದ್ದೇವೆ. ಶನಿವಾರ ರಾತ್ರಿ ಅಲ್ಲಿನ ಬಾಂಗ್ಸಾರ್ ಬಡಾವಣೆಯಲ್ಲಿ ಜನ ಗಿಜಿಗುಡುವ ಯಾವುದಾದರೂ ಮಲೇಷ್ಯನ್ ರೆಸ್ಟೋರೆಂಟಿನಲ್ಲಿ ಊಟ ಮಾಡಬೇಕೆಂಬ ಆಸೆ. ಅಪ್ಪ ಅಮ್ಮ ಸಸ್ಯಾಹಾರಿಗಳು, ಮೊಟ್ಟೆಯೂ ಬೇಡ. ಅಪ್ಪನಿಗೆ ಸಕ್ಕರೆ ಕಾಯಿಲೆ. ನಾನೂ ನನ್ನ ಹೆಂಡತಿಯೂ ಕೋಳಿ, ಮೀನು ತಿನ್ನುತ್ತೇವೆ, ದನದ ಮಾಂಸ, ಹಂದಿ ತಿನ್ನುವುದಿಲ್ಲ. ಎಂಟು ವರ್ಷದ ಮಗಳಿಗೆ ಖಾರ ಆಗದು. ಎಲ್ಲರೂ ಒಂದೇ ಮೇಜಿಗೆ ಕೂತು ನೆಮ್ಮದಿಯಾಗಿ ಉಣ್ಣಬಹುದೇ? ಏನು ಹೇಳಬೇಕು, ಏನು ಬಿಡಬೇಕು, ಬಿಲ್ಲಿನ ಲೆಕ್ಕ ಹೇಗೆ?

ಉತ್ತರ: ಉಣ್ಣಬಹುದು. ಆದರೆ ನಮ್ಮ ಹೋಟೆಲಿನಲ್ಲಿ ಮಾಡಿದ ಹಾಗೆ ಮೆನುವಿನಲ್ಲಿ ತರಕಾರಿಯ ಪುಟ ತೆರೆದು ಒಂದನ್ನು ತೋರಿಸಿದರೆ ಅಲ್ಲಿ ಸಾಲದು. ಮಲೇಷ್ಯಾದ ಅಡುಗೆಯಲ್ಲಿ ಮೀನು, ಸೀಗಡಿ ಕಣ್ಣಿಗೆ ಕಾಣುವ ತುಂಡಾಗಿಯೇ ಬರಬೇಕೆಂದಿಲ್ಲ. ಅರೆದ ಮಸಾಲೆಯಲ್ಲಿರುತ್ತದೆ, ಸಾಸಿನಲ್ಲಿರುತ್ತದೆ, ಬೇಯಿಸಿದ ನೀರಿನಲ್ಲಿರುತ್ತದೆ. ಹಾಗಾಗಿ ಅಪ್ಪ ಅಮ್ಮನ ಊಟದ ಮಾತನ್ನು ಬೆಲಾಚನ್‌ನಿಂದಲೇ ಶುರುಮಾಡಬೇಕು.

ಬೆಲಾಚನ್ ಅಂದರೆ ಪುಡಿ ಸೀಗಡಿಗೆ ಉಪ್ಪು ಬೆರೆಸಿ, ಹುದುಗಿಸಿ, ಬಿಸಿಲಿಗೆ ಒಣಗಿಸಿ, ಕುಟ್ಟಿ ಅಚ್ಚು ಹಾಕಿದ ಕಂದು ಹೆಂಟೆ. ಬಳಸುವ ಮುಂಚೆ ಅದನ್ನು ಸುಡುತ್ತಾರೆ. ಸುಡುವಾಗ ಬರುವ ವಾಸನೆಗೆ ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ಅದೇ ಹೆಂಟೆಯ ಒಂದು ಚೂರನ್ನು ಕೆಂಪು ಮೆಣಸಿನಕಾಯಿಯ ಜೊತೆ ಅರೆದು ಪುಟ್ಟ ಕಸ್ತೂರಿ ನಿಂಬೆ ಹಿಂಡಿದರೆ ಸಂಬಲ್ ಬೆಲಾಚನ್. ನಮ್ಮಲ್ಲಿ ಇಂಗು ಇದ್ದ ಹಾಗೆ: ಹಾಕುವುದು ಚಿಟಿಕೆ, ಇರುವುದು ಎಲ್ಲದರಲ್ಲೂ. ಅಲ್ಲಿನ ಬಾಣಸಿಗರ ಲೆಕ್ಕದಲ್ಲಿ ಅದು ಮಾಂಸವೂ ಅಲ್ಲ, ಮೀನೂ ಅಲ್ಲ, ಒಂದು ಮಸಾಲೆ. 'ಇದರಲ್ಲಿ ಮಾಂಸ ಇದೆಯಾ' ಎಂದು ಕೇಳಿದರೆ 'ಇಲ್ಲ' ಎನ್ನುತ್ತಾರೆ, ಅವರು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಪ್ರಶ್ನೆಯೇ ತಪ್ಪಿರುತ್ತದೆ. 'ಬೆಲಾಚನ್ ಇದೆಯಾ, ಒಣ ಸೀಗಡಿ ಇದೆಯಾ, ಆಯ್ಸ್ಟರ್ ಸಾಸ್ ಇದೆಯಾ' ಎಂದು ಹೆಸರು ಹಿಡಿದೇ ಕೇಳಿ. ಆಯ್ಸ್ಟರ್ ಸಾಸ್ ಎಂದರೆ ಸಮುದ್ರದ ಸಿಂಪಿಯಿಂದ ಮಾಡಿದ ಸಾಸು.

ಮೋಸಹೋಗುವ ಜಾಗಗಳು ಕೆಲವು ಗೊತ್ತಿರಲಿ. ಕಾಂಗ್ಕುಂಗ್ ಬೆಲಾಚನ್ ನೋಡಲು ಬರೀ ಸೊಪ್ಪಿನ ಪಲ್ಯ, ಹೆಸರಲ್ಲೇ ಸೀಗಡಿ. ಸಾಯೂರ್ ಲೊಡೆ ತೆಂಗಿನ ಹಾಲಿನಲ್ಲಿ ಬೇಯಿಸಿದ ತರಕಾರಿ, ನಮ್ಮ ಕಣ್ಣಿಗೆ ಥೇಟ್ ಕೂಟಿನ ನೆಂಟ. ಅದರ ಮಸಾಲೆಗೆ ಒಣ ಸೀಗಡಿ ಅರೆದಿರುತ್ತಾರೆ. ನಾಸಿ ಲೆಮಾಕ್‌ನ ಅನ್ನ ತೆಂಗಿನ ಹಾಲು, ಪಾಂಡಾನ್ ಎಂಬ ಘಮಘಮಿಸುವ ಎಲೆ ಹಾಕಿ ಬೇಯಿಸಿದ್ದು, ಅದಕ್ಕೆ ದೋಷವಿಲ್ಲ. ಪಕ್ಕದ ಸಂಬಲ್‌ನಲ್ಲಿ ಬೆಲಾಚನ್, ಮೇಲೆ ಹುರಿದ ಇಕಾನ್ ಬಿಲಿಸ್ ಎಂಬ ಪುಟ್ಟ ಒಣಮೀನು. ಕೆರಾಬು ಎಂಬ ಕೋಸಂಬರಿಯಂಥ ಪದಾರ್ಥದಲ್ಲೂ ಬೆಲಾಚನ್ ಸಾಮಾನ್ಯ. ಹಣ್ಣಿನ ರೋಜಾಕ್‌ಗೆ ಸುರಿಯುವ ಕಪ್ಪು ಸಾಸು ಸೀಗಡಿಯದು. ಚೀನೀ ಅಡುಗೆಮನೆಯಲ್ಲಿ ಸೊಪ್ಪು ಹುರಿದರೆ ಆಯ್ಸ್ಟರ್ ಸಾಸು ತಾನಾಗಿಯೇ ಬೀಳುತ್ತದೆ. ಇನ್ನು ದಾಲ್ಚಾ: ಬೇಳೆ, ಬದನೆ, ಕ್ಯಾರೆಟ್ ಹಾಕಿದ ಹುಳಿಯ ಹಾಗೆ ಕಾಣುತ್ತದೆ, ತಳದಲ್ಲಿ ಕುರಿಯ ಮೂಳೆ ಬೆಂದಿರುವುದು ಹೆಚ್ಚು. ಸಸ್ಯಾಹಾರಿಗಳು ಅತಿ ಸುಲಭವಾಗಿ ಎಡವುವುದು ಇಲ್ಲೇ, ಏಕೆಂದರೆ ಬೇಳೆಯನ್ನು ನಾವು ಅನುಮಾನಿಸುವುದೇ ಇಲ್ಲ.

ಈ ಮಾತನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹಾಗೆಯೇ ಓದಿ: 'ಸಾಯ ವೆಜಿಟೇರಿಯನ್. ತಾ ಮಾಕಾನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್. ಬೆಲಾಚನ್ ಪುನ್ ತಾ ಬೊಲೆ. ತೆಲೂರ್ ಪುನ್ ತಾ ಬೊಲೆ.' ನಾನು ಸಸ್ಯಾಹಾರಿ. ಮಾಂಸ, ಕೋಳಿ, ಮೀನು, ಸೀಗಡಿ ತಿನ್ನುವುದಿಲ್ಲ. ಬೆಲಾಚನ್ ಕೂಡ ಆಗದು, ಮೊಟ್ಟೆಯೂ ಆಗದು ಎಂದರ್ಥ. ಬಾಂಗ್ಸಾರ್‌ನಲ್ಲಿ ಇಂಗ್ಲಿಷ್ ಧಾರಾಳವಾಗಿ ನಡೆಯುತ್ತದೆ, ಆದರೂ ಇದನ್ನು ಮಲಯ್ ಭಾಷೆಯಲ್ಲಿ ಹೇಳಿದರೆ ಅಡುಗೆಮನೆಯವರೆಗೆ ಕೆಡದೆ ತಲಪುತ್ತದೆ. ಭಾರತೀಯ ಹೋಟೆಲಾದರೆ ತಮಿಳಿನ 'ಸೈವಂ' ಎಂಬ ಒಂದೇ ಪದ ಸಾಕು.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಕೋಳಿ ಕರಿದ ಎಣ್ಣೆಯಲ್ಲೇ ಕರಿದ ತೋಫು, ಮೀನು ಹುರಿದ ಬಾಣಲೆಯಲ್ಲೇ ಹುರಿದ ಸೊಪ್ಪು ನಿಮ್ಮ ಅಪ್ಪ ಅಮ್ಮನಿಗೆ ಒಪ್ಪದಿದ್ದರೆ, ಶನಿವಾರ ರಾತ್ರಿ ತುಂಬಿದ ಮಲಯ್ ರೆಸ್ಟೋರೆಂಟಿನಲ್ಲಿ ಅವರಿಗೆ ಊಟ ಮಾಡಿಸುವ ಹಟ ಬೇಡ. ಬೇರೆ ಬಾಣಲೆ ಇಡುತ್ತೇವೆ ಎಂದು ಅವರು ಮನಸ್ಸಿಟ್ಟು ಒಪ್ಪಿಕೊಂಡರೂ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಅದು ಉಳಿಯುವುದಿಲ್ಲ. ಅವರಿಗೆ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ, ಕೆಎಲ್ ಸೆಂಟ್ರಲ್ ನಿಲ್ದಾಣ ಇರುವ ಬಡಾವಣೆಯಲ್ಲಿ, ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಮೊದಲು ಅಲ್ಲಿ ಊಟ ಮಾಡಿಸಿ, ಆಮೇಲೆ ಬಾಂಗ್ಸಾರ್‌ಗೆ ಬಂದು ಅವರು ಚಹಾ, ಸಿಹಿ ತೆಗೆದುಕೊಂಡರೆ ಎಲ್ಲರಿಗೂ ಹಿತ. ಬಾಣಲೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ ಎಂದಾದರೆ ಮುಂದೆ ಓದಿ.

ಬಾಂಗ್ಸಾರ್ ಹಿಂದೆ ರಬ್ಬರ್ ತೋಟವಾಗಿದ್ದ ಜಾಗ. ಈಗಿನ ಗದ್ದಲವೆಲ್ಲ ಜಾಲನ್ ತೆಲಾವಿ ಎಂಬ, ನಂಬರ್ ಹಾಕಿದ ಪುಟ್ಟ ಬೀದಿಗಳಲ್ಲಿ ಮತ್ತು ಪಕ್ಕದ ಜಾಲನ್ ಮಾರೊಫ್‌ನಲ್ಲಿ. ಬಾಂಗ್ಸಾರ್ ಹೆಸರಿನ ಎಲ್‌ಆರ್‌ಟಿ (ನಗರ ರೈಲು) ನಿಲ್ದಾಣ ಇದೆ, ಆದರೆ ತೆಲಾವಿ ಅಲ್ಲಿಂದ ಪಕ್ಕದಲ್ಲೇನೂ ಇಲ್ಲ; ವಯಸ್ಸಾದವರನ್ನು ಆ ಸೆಕೆಯಲ್ಲಿ ನಡೆಸಬೇಡಿ, ಫೋನಿನ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಕಾರು ಹಿಡಿಯಿರಿ. ಸ್ವಂತಕ್ಕೆ ಕಾರು ಬಾಡಿಗೆಗೆ ಪಡೆದಿದ್ದರೂ ಶನಿವಾರ ರಾತ್ರಿ ಅದನ್ನು ತರಬೇಡಿ, ನಿಲ್ಲಿಸಲು ಜಾಗವಿರುವುದಿಲ್ಲ. ಭಾನುವಾರ ಸಂಜೆ ಪಸಾರ್ ಮಾಲಂ ಎಂಬ ರಾತ್ರಿ ಸಂತೆ ಕಟ್ಟುವುದರಿಂದ ಅಂದು ಇನ್ನೂ ಕಷ್ಟ.

ಕ್ವಾಲಾಲಂಪುರದಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ 7ರಿಂದ 7.30ರ ನಡುವೆ. ಊಟದ ಜನ ಅದರ ನಂತರ ಬರುತ್ತಾರೆ. 6.30ಕ್ಕೆ ಟೇಬಲ್ ಕಾದಿರಿಸಿದರೆ ನಿಮ್ಮ ಆರ್ಡರ್ ಅಡುಗೆಮನೆಗೆ ಮೊದಲು ಹೋಗುತ್ತದೆ, ಬಡಿಸುವವರಿಗೆ ನಿಮ್ಮ ಪ್ರಶ್ನೆಗಳನ್ನು ಕೇಳಿಸಿಕೊಳ್ಳಲು ಪುರಸೊತ್ತಿರುತ್ತದೆ. 8 ದಾಟಿದರೆ ಎದುರಿನವರ ಮಾತೇ ಕೇಳದಷ್ಟು ಸದ್ದು. ಆ ಸದ್ದಿನಲ್ಲಿ 'ಬೆಲಾಚನ್ ಬೇಡ' ಎಂಬುದು 'ಬೆಲಾಚನ್' ಎಂದಷ್ಟೇ ಕೇಳಿಸುವ ಅಪಾಯ ನಿಜಕ್ಕೂ ಇದೆ. ಕಾದಿರಿಸುವಾಗಲೇ ಒಳಗಡೆ, ಗೋಡೆಯ ಮಗ್ಗುಲ ಟೇಬಲ್ ಕೇಳಿ. ಬೀದಿ ಬದಿಯ ಟೇಬಲ್ ಚೆಂದವೇ, ಆದರೆ ಅಲ್ಲಿ ಸಂಜೆಯ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ. ರಂಜಾನ್ ತಿಂಗಳಾಗಿದ್ದರೆ ಸಂಜೆ 7ರ ಹೊತ್ತಿಗೆ ಉಪವಾಸ ಬಿಡುವವರಿಂದ ಎಲ್ಲ ಕಡೆ ತುಂಬಿರುತ್ತದೆ, ಆಗ 9ರ ಹೊತ್ತೇ ವಾಸಿ.

ಎಂಥ ಹೋಟೆಲಿಗೆ ಹೋಗುತ್ತೀರಿ ಎಂಬುದರ ಮೇಲೆ ನಿಮ್ಮಿಬ್ಬರ ಊಟ ನಿಂತಿದೆ. ಮಲಯ್ ರೆಸ್ಟೋರೆಂಟಿನಲ್ಲಿ ಹಂದಿಯ ಪ್ರಶ್ನೆಯೇ ಇಲ್ಲ, ಆದರೆ ದನದ ಮಾಂಸ ಸಾಮಾನ್ಯ. ಮೆನುವಿನಲ್ಲಿ 'ದಾಗಿಂಗ್' ಎಂದಷ್ಟೇ ಬರೆದಿದ್ದರೆ ಅದು ದನದ್ದೆಂದೇ ತಿಳಿಯಿರಿ. ರೆಂಡಾಂಗ್ ಎಂಬ ಮಸಾಲೆ ಪದಾರ್ಥ ಕೇಳಿದರೆ ಮೊದಲು ಬರುವುದು ಅದೇ, ಅದಕ್ಕೇ 'ರೆಂಡಾಂಗ್ ಆಯಾಮ್', ಕೋಳಿಯದು, ಎಂದು ಒತ್ತಿ ಹೇಳಿ. 'ಕಾಂಬಿಂಗ್' ಎಂದರೆ ಆಡು ಅಥವಾ ಕುರಿ. ಚೀನೀ ಹೋಟೆಲಿನಲ್ಲಿ ಲೆಕ್ಕ ತಿರುವುಮುರುವು: ಚಾರ್ ಕ್ವೇ ಟಿಯೋ, ಹೊಕ್ಕಿಯನ್ ಮೀ ಮುಂತಾದ ಹುರಿದ ನೂಡಲ್ಸಿಗೆ ಹಳೆಯ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ಕೋಳಿಯದೇ ಆರ್ಡರ್ ಮಾಡಿದರೂ ಅದು ಬರಬಹುದು. ಐದು ಜನರ ನಿಮ್ಮ ಗುಂಪಿಗೆ ಮಲಯ್ ರೆಸ್ಟೋರೆಂಟೇ ಸರಿ.

ಈಗ ಆರ್ಡರ್. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಎಂದು ಹೇಳಬೇಡಿ. ಅನ್ನ ಮಾತ್ರ ತಲೆಗೊಂದು, ಉಳಿದದ್ದೆಲ್ಲ ಮೇಜಿನ ನಡುವೆ. ಐದು ಜನಕ್ಕೆ ನಾಲ್ಕು ಪದಾರ್ಥ, ಜೊತೆಗೆ ಸಾತೆ, ಅಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ. ಮೊದಲು ಸ್ಟಾರ್ಟರ್, ಆಮೇಲೆ ಊಟ ಎಂಬ ಕ್ರಮ ಅಲ್ಲಿಲ್ಲ. ಆದದ್ದು ಆದ ಹಾಗೆ ಬರುತ್ತದೆ. ಮೀನು ಮೊದಲು ಬಂದು ಅನ್ನ ಆಮೇಲೆ ಬಂದರೆ ಅಡುಗೆಯವರ ತಪ್ಪೆಂದು ಬೇಸರಿಸಬೇಡಿ, 'ನಾಸಿ ದುಲೂ' ಅಂದರೆ ಅನ್ನ ಮೊದಲು ಎಂದು ಆರ್ಡರ್ ಕೊಡುವಾಗಲೇ ಹೇಳಿಡಿ.

ಇನ್ನೊಂದು ತಪ್ಪು ತೆಂಗಿನ ಹಾಲಿನದು. ನಾಸಿ ಲೆಮಾಕ್, ರೆಂಡಾಂಗ್, ಕರಿ ಲಕ್ಸಾ (ನೂಡಲ್ಸ್ ಹಾಕಿದ ಸಾರು) ಎಂದು ಕೇಳಿದ ಹೆಸರನ್ನೆಲ್ಲ ಒಟ್ಟಿಗೆ ತರಿಸಿದರೆ ಮೂರೂ ತೆಂಗಿನ ಹಾಲಿನವು, ನಾಲ್ಕನೇ ತುತ್ತಿಗೆ ಹೊಟ್ಟೆ ಭಾರ. ತೆಂಗಿನದು ಒಂದು, ಹುಳಿಯದು ಒಂದು, ಸೊಪ್ಪು ಒಂದು, ಸಪ್ಪೆಯದು ಒಂದು. ಹೀಗೆ ಹಂಚಿಕೊಂಡರೆ ಊಟ ಕೊನೆಯವರೆಗೂ ರುಚಿಸುತ್ತದೆ.

ತೆಂಗಿನದಕ್ಕೆ ರೆಂಡಾಂಗ್ ಆಯಾಮ್. ಮಜ್ಜಿಗೆಹುಲ್ಲು, ಲೆಂಗ್ಕುವಾಸ್ ಎಂಬ ಶುಂಠಿ ಜಾತಿಯ ಗೆಡ್ಡೆ, ಅರಿಸಿನದ ಎಲೆ, ತೆಂಗಿನ ಹಾಲು ಹಾಕಿ ನೀರೆಲ್ಲ ಇಂಗಿ ಎಣ್ಣೆ ಬಿಡುವ ತನಕ ಬೇಯಿಸುವ ಪದಾರ್ಥ. ಕೊನೆಗೆ ಕೆರಿಸಿಕ್ ಬೀಳಬೇಕು: ತೆಂಗಿನ ತುರಿಯನ್ನು ಎಣ್ಣೆಯಿಲ್ಲದೆ ಕಂದು ಬಣ್ಣಕ್ಕೆ ಹುರಿದು, ಒರಳಲ್ಲಿ ಕುಟ್ಟಿ, ತನ್ನದೇ ಎಣ್ಣೆ ಬಿಟ್ಟು ಮುದ್ದೆಯಾಗುವಂತೆ ಮಾಡಿದ್ದು. ತಟ್ಟೆ ಬಂದಾಗ ಚಮಚದಿಂದ ಮಸಾಲೆಯನ್ನು ಒಂದು ಬದಿಗೆ ಸರಿಸಿ ನೋಡಿ. ಸರಿಸಿದಲ್ಲೇ ನಿಂತು ತಳದಲ್ಲಿ ಎಣ್ಣೆ ಮಾತ್ರ ಜಿನುಗಿದರೆ ಸರಿಯಾದ ರೆಂಡಾಂಗ್; ಸಾರಿನಂತೆ ಹರಿದು ಬಂದರೆ ಅವಸರದಲ್ಲಿ ಇಳಿಸಿದ ಕರಿ ಅಷ್ಟೇ. ಹುಳಿಯದಕ್ಕೆ ಅಸಾಮ್ ಪೆಡಾಸ್: ಮೆಲಕಾ, ಜೊಹೊರ್ ಕಡೆಯವರ ಹೆಮ್ಮೆಯ ಮೀನು ಸಾರು, ತೆಂಗಿನ ಹಾಲಿಲ್ಲದ್ದು. ಹುಳಿಗೆ ಹುಣಸೆ ಅಥವಾ ಅಸಾಮ್ ಕೆಪಿಂಗ್ ಎಂಬ ಒಣ ಹೋಳು. ಅದು ನಮ್ಮ ಮಲೆನಾಡಿನ ಉಪ್ಪಾಗೆಯ ದಾಯಾದಿ. ಕರಾವಳಿಯ ಮೀನು ಸಾರು ಉಂಡವರಿಗೆ ಇದು ಮೊದಲ ತುತ್ತಿಗೇ ಒಗ್ಗುತ್ತದೆ. ಮೀನು ತೆಂಗಿರಿ ಇದ್ದರೆ ಅದನ್ನೇ ಕೇಳಿ, ಮಂಗಳೂರಿನವರ ಅಂಜಲ್ ಜಾತಿಯದು, ಮುಳ್ಳು ಕಡಿಮೆ.

ಅಪ್ಪ ಅಮ್ಮನಿಗೆ ಕಾಂಗ್ಕುಂಗ್ ಅಥವಾ ಕೈಲಾನ್ ಸೊಪ್ಪನ್ನು ಬರೀ ಬೆಳ್ಳುಳ್ಳಿ ಹಾಕಿ ಹುರಿಯಲು ಹೇಳಿ: 'ಗೊರೆಂಗ್ ಬಾವಾಂಗ್ ಪುತಿಹ್ ಸಾಜ, ತಾನ್ಪಾ ಬೆಲಾಚನ್, ತಾನ್ಪಾ ಸೊಸ್ ತಿರಾಮ್.' ಸಪ್ಪೆಯದಕ್ಕೆ ತಾಹು ಗೊರೆಂಗ್, ಕರಿದ ತೋಫು. ಸಾಸನ್ನು ಬೇರೆ ಬಟ್ಟಲಲ್ಲಿ ತರಿಸಿ, 'ಕುವಾಹ್ ಆಸಿಂಗ್'. ಸಾಸಿನಲ್ಲಿ ಸೀಗಡಿ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಅವರು ಮುಟ್ಟಲಿ. ಉಲಾಮ್ ತಟ್ಟೆಯನ್ನು ಮರೆಯಬೇಡಿ: ಹಸಿ ಸೊಪ್ಪು, ಚಿಗುರು, ಸೌತೆಕಾಯಿ ಜೋಡಿಸಿಟ್ಟದ್ದು. ಅದರಲ್ಲಿ 'ಪೆಗಾಗ' ಎಂದು ಬರುವುದು ನಮ್ಮ ಒಂದೆಲಗವೇ. ತಂಬುಳಿ ಮಾಡುವ ಅಮ್ಮನಿಗೆ ಆ ಎಲೆಯನ್ನು ಅಲ್ಲಿ ಕಂಡು ಖುಷಿಯಾದೀತು. ಜೊತೆಗೆ ಬರುವ ಸಂಬಲ್ ಬಟ್ಟಲನ್ನು ಮಾತ್ರ ನಿಮ್ಮ ಕಡೆಗೆ ಎಳೆದುಕೊಳ್ಳಿ. ಈ ತಟ್ಟೆಗಳನ್ನು ಮೇಜಿನ ಒಂದು ತುದಿಗೆ, ಬೇರೆ ಚಮಚ ಹಾಕಿ ಇಡಿಸಿ.

ಮಗಳಿಗೆ ಸಾತೆ ಆಯಾಮ್. ಸಾಮಾನ್ಯವಾಗಿ 10 ಕಡ್ಡಿಯ ಲೆಕ್ಕದಲ್ಲಿ ಕೊಡುತ್ತಾರೆ. ಅರಿಸಿನ, ಮಜ್ಜಿಗೆಹುಲ್ಲಿನಲ್ಲಿ ನೆನೆಸಿ ಕೆಂಡದ ಮೇಲೆ ಸುಟ್ಟ ಸಿಹಿ ಕೋಳಿ, ಖಾರ ಅತ್ಯಲ್ಪ. ಕಡಲೆಕಾಯಿ ಸಾಸಿನಲ್ಲಿ ಮಾತ್ರ ಖಾರ ಇರುತ್ತದೆ, ಅದನ್ನು ಅದ್ದದೆ ಕೊಡಿ. ಕೂತ ತಕ್ಷಣ ಇದನ್ನು ಹೇಳಿಬಿಡಿ, ಸುಡಲು ಹೊತ್ತು ಹಿಡಿಯುತ್ತದೆ, ಹಸಿದ ಮಗು ಕಾಯುವುದಿಲ್ಲ. 'ಕುರಾಂಗ್ ಪೆಡಾಸ್' ಎಂದರೆ ಕಡಿಮೆ ಖಾರ, ಆದರೆ ಅವರ ಕಡಿಮೆ ನಿಮ್ಮ ಮಗಳಿಗೆ ಜಾಸ್ತಿಯೇ. 'ತಾ ಪೆಡಾಸ್' ಅನ್ನಿ, ಖಾರವೇ ಬೇಡ.

ಅಪ್ಪನ ಸಕ್ಕರೆ ಕಾಯಿಲೆಗೆ ಊಟಕ್ಕಿಂತ ಪಾನೀಯವೇ ದೊಡ್ಡ ಕಂಟಕ. ಮಲೇಷ್ಯಾದಲ್ಲಿ 'ತೆಹ್' ಎಂದಷ್ಟೇ ಹೇಳಿದರೆ ಕಂಡೆನ್ಸ್‌ಡ್ ಮಿಲ್ಕ್ ಹಾಕಿದ ಚಹಾ ಬರುತ್ತದೆ. 'ಕುರಾಂಗ್ ಮಾನಿಸ್', ಕಡಿಮೆ ಸಿಹಿ, ಎಂದರೆ ಆ ಹಾಲನ್ನು ಸ್ವಲ್ಪ ಕಡಿಮೆ ಹಾಕುತ್ತಾರೆ, ಸಿಹಿ ಹೋಗುವುದಿಲ್ಲ. ಅಪ್ಪನಿಗೆ ಬೇಕಾದ್ದು 'ತೆಹ್ ಸೀ ಕೊಸೊಂಗ್': ಸೀ ಎಂದರೆ ಸಿಹಿಯಿಲ್ಲದ ಇವ್ಯಾಪೊರೇಟೆಡ್ ಹಾಲು, ಕೊಸೊಂಗ್ ಎಂದರೆ ಸಕ್ಕರೆ ಇಲ್ಲ. ಹಾಲೂ ಬೇಡವೆಂದರೆ 'ತೆಹ್ ಓ ಕೊಸೊಂಗ್'. ತೆಹ್ ಓ ಎಂದಷ್ಟೇ ಹೇಳಿ ಬಿಟ್ಟರೆ ಸಕ್ಕರೆ ಹಾಕಿಯೇ ತರುತ್ತಾರೆ. ಗುಲಾಬಿ ಬಣ್ಣದ ಸಿರಾಪ್ ಬಂದುಂಗ್ ಮಗಳ ಕಣ್ಣಿಗೆ ಬೀಳುವುದು ಖಂಡಿತ. ಅದು ಗುಲಾಬಿ ಶರಬತ್ತಿಗೆ ಹಾಲು ಬೆರೆಸಿದ್ದು, ಅವಳಿಗೆ ಒಂದು ಲೋಟ ಸಾಕು. ಕುಡಿಯುವ ಬೆಚ್ಚಗಿನ ನೀರಿಗೆ 'ಆಯೆರ್ ಸುವಾಮ್' ಅನ್ನಿ. ಅದಕ್ಕೂ ಕೆಲವೆಡೆ ಚಿಲ್ಲರೆ ದುಡ್ಡು ಹಿಡಿಯುತ್ತಾರೆ, ಅದು ಅಲ್ಲಿನ ಪದ್ಧತಿ.

ಸಿಹಿಗೆ ಚೆಂಡೊಲ್. ಪಾಂಡಾನ್‌ನ ಹಸಿರು ಎಳೆಗಳು, ತುರಿದ ಮಂಜುಗಡ್ಡೆ, ತೆಂಗಿನ ಹಾಲು, ಮೇಲೆ ಗುಲಾ ಮೆಲಕಾ ಎಂಬ ಕಪ್ಪು ಬೆಲ್ಲದ ಪಾಕ. ಆ ಬೆಲ್ಲ ತೆಂಗಿನ ಮರದ ರಸದಿಂದ ಕಾಯಿಸಿದ್ದು, ನಮ್ಮ ಕಲ್ಪರಸದ ಬೆಲ್ಲದ ಹಾಗೆ. ಅಮ್ಮನಿಗೂ ನಿಶ್ಚಿಂತೆಯ ತಿನಿಸು. ಐವರ ನಡುವೆ ಎರಡು ಬಟ್ಟಲು ಸಾಕು, ಅಪ್ಪನಿಗೆ ಬೇಡ.

ಬಿಲ್ಲು ನೋಡಿ ಗಾಬರಿಯಾಗುವುದು ಮೆನುವಿನ ಬೆಲೆಯ ಪಕ್ಕದಲ್ಲಿರುವ ಎರಡು ಪ್ಲಸ್ ಗುರುತನ್ನು ಗಮನಿಸದವರಿಗೆ. ಒಂದು ಶೇ. 10 ಸರ್ವಿಸ್ ಚಾರ್ಜ್, ಇನ್ನೊಂದು ಶೇ. 6 ಸೇವಾ ತೆರಿಗೆ. 2024ರ ಮಾರ್ಚ್‌ನಲ್ಲಿ ಮಲೇಷ್ಯಾ ಸೇವಾ ತೆರಿಗೆಯನ್ನು ಶೇ. 8ಕ್ಕೆ ಏರಿಸಿದರೂ ಊಟ ತಿಂಡಿಗೆ ಶೇ. 6ರಲ್ಲೇ ಉಳಿಸಿತು. ಮೆನುವಿನಲ್ಲಿ 38 ರಿಂಗಿಟ್ ಎಂದಿದ್ದರೆ 3.80 ಚಾರ್ಜ್, 2.28 ತೆರಿಗೆ ಸೇರಿ 44.08. ನಗದು ಕೊಟ್ಟರೆ 44.10, ಏಕೆಂದರೆ ಅಲ್ಲಿ 1 ಸೆನ್ ನಾಣ್ಯದ ಚಲಾವಣೆ ನಿಂತು, ಹತ್ತಿರದ 5 ಸೆನ್‌ಗೆ ಸರಿಹೊಂದಿಸುತ್ತಾರೆ. ಟಿಪ್ಸ್ ಕೊಡುವ ರೂಢಿ ಇಲ್ಲ.

ಊಟ ಮುಗಿದ ಮೇಲೆ ನೇರ ಹೋಟೆಲ್ ರೂಮಿಗೆ ಹೋಗಬೇಡಿ, ಹತ್ತಿರದ ಯಾವುದಾದರೂ ಮಾಮಕ್ ಅಂಗಡಿಗೆ ಹೋಗಿ. ಮಾಮಕ್ ಎಂದರೆ ತಮಿಳು ಮುಸ್ಲಿಮರು ನಡೆಸುವ ಹೋಟೆಲು. ಹೆಸರು ತಮಿಳಿನ 'ಮಾಮಾ'ದಿಂದ ಬಂದದ್ದು. ತಡರಾತ್ರಿಯವರೆಗೆ, ಕೆಲವಂತೂ ಹಗಲೂ ರಾತ್ರಿ ತೆರೆದಿರುತ್ತವೆ. ರೊಟಿ ಚನಾಯ್ ಮಾಡುವ ಕಲ್ಲಿಗೆ ಹತ್ತಿರದ ಮೇಜು ಹಿಡಿಯಿರಿ. ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆದ ಮೈದಾ ಉಂಡೆಯನ್ನು ಅಂಗೈಯಿಂದ ಒತ್ತಿ, ಅಂಚು ಹಿಡಿದು ಗಾಳಿಯಲ್ಲಿ ಬೀಸಿ ಕಲ್ಲಿಗೆ ಅಪ್ಪಳಿಸುತ್ತಾರೆ. ಮೂರು ನಾಲ್ಕು ಬೀಸಿಗೆ ಅದು ಆಚೆಬದಿ ಕಾಣುವಷ್ಟು ತೆಳುವಾಗುತ್ತದೆ. ಮಡಚಿ ಚೌಕ ಮಾಡಿ ಬೇಯಿಸಿದ ಮೇಲೆ ಬಿಸಿಬಿಸಿ ಇದ್ದಾಗಲೇ ಎರಡು ಕೈಯಿಂದ ಚಪ್ಪಾಳೆ ತಟ್ಟಿದಂತೆ ಹಿಸುಕುವುದನ್ನು ನೋಡಿ. ಪದರ ಬಿಡುವುದು ಆ ತಟ್ಟಿನಲ್ಲಿ. ತಟ್ಟದೆ ಕೊಟ್ಟರೆ ರಬ್ಬರಿನ ಹಾಗೆ ಎಳೆದು ತಿನ್ನಬೇಕಾಗುತ್ತದೆ. ನಾಸಿ ಲೆಮಾಕ್, ತೆಹ್ ತಾರಿಕ್ (ಎತ್ತಿ ಸುರಿದು ನೊರೆ ಬರಿಸಿದ ಹಾಲಿನ ಚಹಾ) ಜೊತೆಗೆ ಇದೂ ಸೇರಿದ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಗಳಿಗೆ ರೊಟಿ ಬೊಮ್ ಹೇಳಿ, ದಪ್ಪ, ಸಿಹಿ. ಅಮ್ಮನಿಗೆ ಹೇಳುವ ಮುಂಚೆ 'ಆದುನಾನ್ ಆದ ತೆಲೂರ್?' ಎಂದು ಕೇಳಿ, ಕೆಲವರು ಹಿಟ್ಟಿಗೇ ಮೊಟ್ಟೆ ಹಾಕಿ ಕಲಸುತ್ತಾರೆ. ಅದೇ ಕಲ್ಲಿನ ಮೇಲೆ ಮೊಟ್ಟೆ ರೊಟಿಯೂ ಬೇಯುತ್ತದೆ ಎಂಬುದೂ ಗೊತ್ತಿರಲಿ. ರೊಟಿಯ ಜೊತೆ ಮೀನಿನ ಕರಿಯನ್ನು ಕೇಳದೆಯೇ ಸುರಿದು ತರುವವರಿದ್ದಾರೆ, ಅದಕ್ಕೇ 'ದಾಲ್ ಸಾಜ', ಬೇಳೆ ಮಾತ್ರ, ಎಂದು ಹೇಳಿ, ಅದು ದಾಲ್ಚಾ ಅಲ್ಲ ತಾನೇ ಎಂದು ಇನ್ನೊಮ್ಮೆ ಕೇಳಿ. ನಿಮಗೆ ಕರಿಯಲ್ಲಿ ಮುಳುಗಿಸಿದ್ದು ಬೇಕಾದರೆ 'ಬಾಂಜಿರ್', ಗರಿಗರಿಯಾಗಿ ಬೇಕಾದರೆ 'ಗಾರಿಂಗ್'. ಬಡಿಸುವವರನ್ನು 'ಬಾಸ್' ಅಥವಾ 'ಅಣ್ಣೆ' ಎಂದು ಕರೆಯುವುದು ಅಲ್ಲಿನ ವಾಡಿಕೆ. ಎದ್ದು ಹೊರಡುವಾಗ 'ಕಿರಾ' ಎಂದರೆ ಮೇಜಿನ ಮೇಲಿನ ತಟ್ಟೆ ಲೋಟ ನೋಡಿಯೇ ಲೆಕ್ಕ ಮಾಡುತ್ತಾರೆ. ಅದಕ್ಕೇ ಖಾಲಿ ತಟ್ಟೆಗಳನ್ನು ಬೇರೆ ಮೇಜಿಗೆ ಸರಿಸಬೇಡಿ. ಚಹಾ ಉಳಿದರೆ 'ಬುಂಗ್ಕುಸ್, ಇಕಾತ್ ತೆಪಿ' ಅನ್ನಿ. ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಒಂದು ಮೂಲೆ ಗಂಟು ಹಾಕಿ, ಇನ್ನೊಂದು ಮೂಲೆಗೆ ಸ್ಟ್ರಾ ಸಿಕ್ಕಿಸಿ ಕೈಗೆ ಕೊಡುತ್ತಾರೆ.